ಗಾಳಿಯಿಂದ ನೀರಿಗೆ

ಯಾರ್ಡಿನ ಅಡುಗೆಯ ಕಮಲಕ್ಕ ಮೊದಲ ಲೋಟ ಚಹಾವನ್ನು ಪ್ರವೀಣನ ಎದುರು ಇಟ್ಟಳು, ಎರಡನೆಯದನ್ನು ಯೋಗೀಶನ ಎದುರು. ಬೇರೆ ಯಾರಾದರೂ ನೋಡಿದ್ದರೆ ಅದರಲ್ಲಿ ಎರಡು ಲೋಟ ಚಹಾ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಯೋಗೀಶನಿಗೆ ಕಂಡಿತು. ಆ ಯಾರ್ಡಿನಲ್ಲಿ ಮೊದಲ ಲೋಟ ಅವನದ್ದು. ಪ್ರವೀಣ ಇನ್ನೂ ಚಡ್ಡಿ ಹಾಕಿಕೊಂಡು ಕಾಪುವಿನ ಕಡಲ ಬದಿಯಲ್ಲಿ ಏಡಿ ಹಿಡಿಯುತ್ತಿದ್ದ ಕಾಲದಿಂದಲೂ ಅವನದ್ದು. ಯೋಗೀಶ ಆ ಚಹಾ ಕುಡಿಯಲಿಲ್ಲ. ಕೆನೆಗಟ್ಟಿ ತಣ್ಣಗಾಗುವವರೆಗೆ ನೋಡುತ್ತ ಕೂತು, ಆಮೇಲೆ ಹೊರಗೆ ಹೋಗಿ ಮಳೆನೀರಿಗೆ ಚೆಲ್ಲಿ ಬಂದ.

ಉಚ್ಚಿಲದಿಂದ ಕಾಪುವಿಗೆ ಬರುವ ಹೆದ್ದಾರಿಯ ಪಡುಬದಿಗಿದ್ದ ಆ ಯಾರ್ಡು ಅಲೆಕ್ಸಾಂಡರ್ ಧಣಿಯದ್ದು. ಮೀನನ್ನು ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಕಳುಹಿಸುವ ವ್ಯಾಪಾರ. ಹಡಗಿನ ಓಡಾಟ ಮುಗಿಸಿದ ಮೂರು ಹಳೆಯ ರೀಫರ್ ಪೆಟ್ಟಿಗೆಗಳು, ಅಂದರೆ ಬೆನ್ನಿಗೆ ತಮ್ಮದೇ ತಂಪು ಯಂತ್ರ ಕಟ್ಟಿಕೊಂಡ ಕಬ್ಬಿಣದ ಕಂಟೈನರ್‌ಗಳು, ಅಲ್ಲಿ ಸಾಲಾಗಿ ನಿಂತಿದ್ದವು. ಅವುಗಳ ಹೊಟ್ಟೆಯೊಳಗಿನದೆಲ್ಲ ಯೋಗೀಶನಿಗೆ ಗೊತ್ತು. ಯಾವ ಕಂಪ್ರೆಸರ್ ಮಳೆಗಾಲದಲ್ಲಿ ಕೆಮ್ಮುತ್ತದೆ, ಯಾವ ಬಾಗಿಲಿನ ರಬ್ಬರು ಸಡಿಲವಾಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ. ಧಣಿ ಮಲ್ಪೆಗೆ ಹೊರಟರೆ ಜೀಪಿನ ಮುಂದಿನ ಸೀಟು ಅವನಿಗೆ. ಎಲ್ಲಿ ಏನು ಕೆಟ್ಟರೂ "ಯೋಗಿಯನ್ನು ಕರೀರಿ" ಎಂಬ ಮಾತು. ಹೀಗೆ ಕರೆಸಿಕೊಂಡು ಬದುಕಿದ ಮನುಷ್ಯನಿಗೆ ಕರೆ ನಿಂತುಹೋದರೆ ಕಿವಿ ಕೆಪ್ಪಾದಂತೆ.

ಪ್ರವೀಣನನ್ನು ಅಲ್ಲಿಗೆ ಕರೆದುಕೊಂಡು ಬಂದವನು ಅವನೇ. ಅದನ್ನು ನೆನೆದಾಗಲೆಲ್ಲ ಯೋಗೀಶನಿಗೆ ತನ್ನ ಕೈಯನ್ನೇ ಕಚ್ಚಿಕೊಳ್ಳಬೇಕು ಅನಿಸುತ್ತಿತ್ತು. ಇಬ್ಬರ ಅಪ್ಪಂದಿರೂ ಒಂದೇ ದೋಣಿಯಲ್ಲಿ ಬಲೆ ಎಳೆದವರು. ಹುಡುಗ ಹಡಗಿನಲ್ಲಿ ರೀಫರ್ ನೋಡುವ ಕೆಲಸ ಮಾಡಿ, ಮದುವೆಯಾದ ಮೇಲೆ ನೀರಿನ ಮೇಲಿನ ಬದುಕು ಸಾಕೆಂದು ಊರಿಗೆ ಬಂದಿದ್ದ. "ನಮ್ಮ ಹುಡುಗ ಧಣಿ, ಕೆಲಸ ಕಲಿತವ" ಎಂದು ಹೆಗಲ ಮೇಲೆ ಕೈಯಿಟ್ಟು ಪರಿಚಯಿಸಿದ್ದು ಯೋಗೀಶ. ತನ್ನ ಕೈಕೆಳಗೆ ಒಬ್ಬ ಇರಲಿ ಎಂದು ಬಯಸಿದ್ದ. ಅವನು ಕೈಕೆಳಗೆ ನಿಲ್ಲಲಿಲ್ಲ.

ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಯಾರ್ಡು ಅರ್ಧ ನಿದ್ದೆಯಲ್ಲಿರುತ್ತಿತ್ತು. ಆ ನಿದ್ದೆಯನ್ನು ಕೆಡಿಸಿದವನು ಪ್ರವೀಣ. ಕಾರ್ಕಳದ ಕಡೆ ಈಗ ತುಂಬ ಜನ ರಂಬುಟಾನ್ ಬೆಳೆಯುತ್ತಾರೆ, ಹಣ್ಣು ಬರುವುದೂ ಇದೇ ಹೊತ್ತಿಗೆ, ಖಾಲಿ ಇರುವ ಒಂದು ಪೆಟ್ಟಿಗೆಯನ್ನು ತೊಳೆದು ಅದರಲ್ಲಿ ಹಣ್ಣು ಕೂಡಿಟ್ಟು ದುಬೈಗೆ ಯಾಕೆ ಕಳುಹಿಸಬಾರದು ಎಂದು ಧಣಿಯ ತಲೆಗೆ ಹುಳ ಬಿಟ್ಟ. ಹೆದ್ದಾರಿಗೆ ಹತ್ತಿರದ ಪೆಟ್ಟಿಗೆಯಿಂದ ಮೀನಿನ ವಾಸನೆ ಹೋಗಿಸಲು ಕಮಲಕ್ಕ ಲಿಂಬೆಹಣ್ಣು ಹಿಂಡಿ ಹಿಂಡಿ ಉಜ್ಜಿದಳು. ಕೂದಲಿನಂಥ ಕೆಂಪು ಮುಳ್ಳು ಹೊತ್ತ ಹಣ್ಣುಗಳು ಬುಟ್ಟಿ ಬುಟ್ಟಿಯಾಗಿ ಬಂದವು.

ಮೊದಲ ದಿನ ಬಾಗಿಲು ಹಾಕಿದ ಕೂಡಲೇ ಯೋಗೀಶ ಯಂತ್ರದ ಪಕ್ಕದಲ್ಲಿದ್ದ ಗಾಳಿಕಿಂಡಿಯ ತಟ್ಟೆಯನ್ನು ತಿರುಗಿಸಿ ಮುಚ್ಚಿದ. ಕೈ ತಾನಾಗಿಯೇ ಹೋಯಿತು. ಹೆಪ್ಪುಗಟ್ಟಿದ ಮೀನಿಗೆ ಹೊರಗಿನ ಗಾಳಿ ಶತ್ರು, ಕಿಂಡಿ ಯಾವಾಗಲೂ ಮುಚ್ಚಿರಬೇಕು. ಧಣಿ, ಹಣ್ಣು ತಂದ ಕಾರ್ಕಳದ ನಳಿನಾಕ್ಷಿಯಮ್ಮ, ಬುಟ್ಟಿ ಹೊತ್ತ ಆಳುಗಳು, ಎಲ್ಲರೂ ಅಲ್ಲೇ ಇದ್ದರು. ಪ್ರವೀಣ ನಗುತ್ತ ಬಂದು ತಟ್ಟೆಯನ್ನು ಮತ್ತೆ ತೆರೆದ.

"ಯೋಗಣ್ಣ, ಇದು ಮೀನಲ್ಲ ಮಾರಾಯ್ರೆ. ಇದಕ್ಕಿನ್ನೂ ಜೀವ ಉಂಟು, ಉಸಿರಾಡ್ತದೆ. ಕಿಂಡಿ ಮುಚ್ಚಿದ್ರೆ ಒಳಗೇ ಉಬ್ಬಸ ಬಂದು ಸಾಯ್ತದೆ."

"ಹೌದಾ?" ಧಣಿ ಬಾಯಿ ಬಿಟ್ಟು ಕೇಳಿದರು. "ಕಿತ್ತ ಮೇಲೂ ಉಸಿರಾಡ್ತದಾ?"

"ನಮ್ಮ ಯೋಗೀಶಣ್ಣನ ಹೆಂಡತಿ ಹಾಗೆ," ಎಂದ ಆಳುಗಳಲ್ಲಿ ಒಬ್ಬ, "ಬಾಗಿಲು ಹಾಕಿ ಮಲಗಿದ್ರೆ ಕಿಟಕಿ ತೆಗೀರಿ ಅಂತ ಬೊಬ್ಬೆ ಹಾಕ್ತಾಳಂತೆ."

ಎಲ್ಲರೂ ನಕ್ಕರು. ಯೋಗೀಶನೂ ನಕ್ಕ. ನಕ್ಕು, ಎಲ್ಲರಿಗೂ ಕೇಳುವಂತೆ ಹೇಳಿದ: "ಹಾಗಾದ್ರೆ ಈ ಪೆಟ್ಟಿಗೆ ಇನ್ನು ಪ್ರವೀಣಂದು. ನಾನು ಇದರ ಹತ್ತಿರ ಬರುವುದಿಲ್ಲ. ನನಗೆ ಮೀನು ಸಾಕು."

ಸಿಟ್ಟಿನಲ್ಲಿ ಆಡಿದ ಆ ಮಾತು ಮುಂದೆ ಎಷ್ಟು ಉಪಯೋಗಕ್ಕೆ ಬಂದೀತು ಎಂದು ಆಗ ಅವನಿಗೆ ತಿಳಿದಿರಲಿಲ್ಲ.

ಹಣ್ಣು ಕೆಂಪಗೇ ಹೋಗಿ ದುಬೈ ಸೇರಿತು. ಆಮೇಲೆ ಒಂದೊಂದಾಗಿ ಎಲ್ಲವೂ ಕೈಬಿಟ್ಟು ಹೋದವು. ಜೀಪಿನ ಮುಂದಿನ ಸೀಟು ಹೋಯಿತು. ಯೋಗೀಶ ಹಿಂದೆ ಕೂತು ಪ್ರವೀಣನ ಕುತ್ತಿಗೆಯ ಹಿಂಭಾಗವನ್ನು ನೋಡುತ್ತ ಮಲ್ಪೆಗೆ ಹೋಗಿ ಬಂದ. ಮನೆಯಲ್ಲಿ ಹೆಂಡತಿ ಶರ್ಮಿಳಾ, "ಪ್ರವೀಣ ಹೆಂಡತಿ ಸೌಮ್ಯಶ್ರೀಗೆ ಅಡುಗೆ ಮನೆಯಲ್ಲಿ ಸಹಾಯ ಮಾಡ್ತಾನಂತೆ, ಗೊತ್ತುಂಟಾ?" ಎಂದಳು. ಯೋಗೀಶ ಬಂಗುಡೆಯ ಮುಳ್ಳು ಬಿಡಿಸಿ ಬದಿಗಿಟ್ಟ. ಆ ಹೆಸರು ತನ್ನ ಊಟದ ಬಟ್ಟಲಿಗೂ ಬಂತಲ್ಲ ಎಂದುಕೊಂಡ.

ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಕಮಲಕ್ಕನ ಬಟ್ಟೆಯ ಹಗ್ಗ. ಈ ಕರಾವಳಿಯ ಮಳೆಗಾಲದಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಮುಗ್ಗಲು ಹಿಡಿಯುತ್ತದೆ. ಯಾರ್ಡಿನವರಿಗೆ ಆ ಚಿಂತೆ ಇರಲಿಲ್ಲ. ಪೆಟ್ಟಿಗೆಯ ಒಳಗಿನ ಬಿಸಿಯನ್ನೆಲ್ಲ ಯಂತ್ರ ಹೀರಿ ಕಂಡೆನ್ಸರ್‌ಗೆ ತರುತ್ತದೆ, ಅಲ್ಲಿಂದ ಒಂದು ದೊಡ್ಡ ಫ್ಯಾನು ಅದನ್ನು ಹೊರಗೆ ಊದುತ್ತದೆ. ಆ ಬಿಸಿಗಾಳಿಯ ಎದುರು, ತಗಡಿನ ಮಾಡಿನ ಕೆಳಗೆ, ಕಮಲಕ್ಕ ಒಂದು ನೈಲಾನ್ ಹಗ್ಗ ಕಟ್ಟಿದ್ದಳು. ಮೊದಲೆಲ್ಲ ಅದು ಮೀನಿನ ಪೆಟ್ಟಿಗೆಯ ಎದುರಿಗಿತ್ತು, ಅದರಲ್ಲಿ ಯೋಗೀಶನ ನೀಲಿ ಅಂಗಿ ಒಣಗುತ್ತಿತ್ತು. ಹಣ್ಣು ಬಂದ ಮೇಲೆ ಹಗ್ಗವೂ ಹಣ್ಣಿನ ಪೆಟ್ಟಿಗೆಯ ಎದುರಿಗೆ ಹೋಯಿತು. "ಇದರದ್ದು ಮೀನಿನ ವಾಸನೆ ಇಲ್ಲ ನೋಡಿ" ಎಂದು ಅವಳು ಕಾರಣ ಹೇಳಿದ್ದಳು. ಯೋಗೀಶ ಆ ಕಾರಣವನ್ನು ನಂಬಲಿಲ್ಲ. ಅವನ ಕಣ್ಣಿಗೆ ಆ ಹಗ್ಗದಲ್ಲಿ ಕಾಣುತ್ತಿದ್ದದ್ದು ಪ್ರವೀಣನ ಅಂಗಿ, ಪ್ರವೀಣನ ಟವೆಲು, ಪ್ರವೀಣನ ಬನಿಯನು. ಆ ಕಡೆಗೆ ಹೋಗುವುದನ್ನೇ ಬಿಟ್ಟ. ತನ್ನ ಒದ್ದೆ ಬಟ್ಟೆಯನ್ನು ಶೆಡ್ಡಿನ ಮೊಳೆಗೆ ಸಿಕ್ಕಿಸಿ, ಒದ್ದೆಯನ್ನೇ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಯಾರಾದರೂ ಕೇಳಲಿ ಎಂದು. ಯಾರೂ ಕೇಳಲಿಲ್ಲ.

ಆಮೇಲೆ ಬನ್ನಂಜೆಯ ಸುದ್ದಿ ಬಂತು. ಧಣಿ ಅಲ್ಲಿ ಹೊಸ ಆಫೀಸು ಮಾಡುತ್ತಾರೆ, ಎರಡನೆಯ ಯಾರ್ಡು ಬರುತ್ತದೆ, ಎಲ್ಲವನ್ನೂ ನೋಡಿಕೊಳ್ಳಲು ಒಬ್ಬ ಮ್ಯಾನೇಜರ್ ಬೇಕು. ಚೌತಿಗೆ ಮೊದಲು ಹೆಸರು ಹೇಳುತ್ತೇನೆ ಎಂದಿದ್ದರು. ಅವರ ಕಣ್ಣಿನಲ್ಲಿ ಎರಡೇ ಹೆಸರುಗಳಿದ್ದವು. ಒಂದು ಹೆಸರನ್ನು ಅಳಿಸಿದರೆ ಸಾಕಿತ್ತು.

ಅಳಿಸುವ ದಾರಿಯನ್ನು ತೋರಿಸಿಕೊಟ್ಟವನೂ ಪ್ರವೀಣನೇ. ಮಣಿಪಾಲದ ಕಾಲೇಜಿನ ಹರಿಪ್ರಿಯಾ ಮೇಡಮ್ ತಮ್ಮ ವಿದ್ಯಾರ್ಥಿಗಳಿಗೆ ರೀಫರ್ ತೋರಿಸಬೇಕೆಂದು ಕೇಳಿದ್ದರು. ಧಣಿ ಪ್ರವೀಣನಿಗೆ ಒಪ್ಪಿಸಿದರು. ಚಹಾದ ಹೊತ್ತಿಗೆ ಪ್ರವೀಣ ತಾನು ಏನೇನು ತೋರಿಸುತ್ತೇನೆ ಎಂದು ಉತ್ಸಾಹದಿಂದ ಹೇಳುತ್ತಿದ್ದ.

"ಹಡಗಿನ ತಳದಲ್ಲಿ ಗಾಳಿ ಎಲ್ಲುಂಟು ಯೋಗಣ್ಣ? ಬಿಸಿ ಹೊರಗೆ ಊದಿದ್ರೆ ಅಲ್ಲೇ ಸುತ್ತುತ್ತದೆ. ಅದಕ್ಕೇ ಅಲ್ಲಿ ಕಂಡೆನ್ಸರ್‌ಗೆ ನೀರು ಬಿಡುದು. ನಮ್ಮ ಪೆಟ್ಟಿಗೆಯಲ್ಲೂ ಆ ಸ್ವಿಚ್ಚುಂಟಲ್ಲ, ಒಂದು ಕಡೆ ಗಾಳಿ, ಒಂದು ಕಡೆ ನೀರು. ನೀರಿಗೆ ತಿರುಗಿಸಿದ್ರೆ ಫ್ಯಾನು ನಿಂತೇ ಬಿಡ್ತದೆ. ಪೈಪು ಕಟ್ಟಿ ಮಕ್ಕಳಿಗೆ ತೋರಿಸ್ತೇನೆ."

"ತೋರಿಸು, ತೋರಿಸು" ಎಂದ ಯೋಗೀಶ. ಬಹಳ ದಿನಗಳ ನಂತರ ಅವನ ದನಿಯಲ್ಲಿ ಪ್ರೀತಿಯಿತ್ತು. ಕಮಲಕ್ಕ ತಲೆಯೆತ್ತಿ ನೋಡಿ ಸಮಾಧಾನಪಟ್ಟಳು.

ಆ ರಾತ್ರಿ ಅವನು ಹಾಸಿಗೆಯಲ್ಲಿ ಮಲಗಿ ಇಡೀ ಕೆಲಸವನ್ನು ಒಂದು ಯಂತ್ರ ಬಿಚ್ಚಿದ ಹಾಗೆ ಬಿಚ್ಚಿ ನೋಡಿದ. ಸ್ವಿಚ್ಚು ನೀರಿನ ಕಡೆಗಿದ್ದು ಪೈಪಿನಲ್ಲಿ ನೀರಿಲ್ಲದಿದ್ದರೆ ಏನಾಗುತ್ತದೆ? ಫ್ಯಾನು ನಿಲ್ಲುತ್ತದೆ. ಬಿಸಿಗೆ ಹೋಗುವ ದಾರಿಯಿಲ್ಲ. ಒತ್ತಡ ಏರಿ ಕಂಪ್ರೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಲ್ಲುತ್ತದೆ. ಆದರೆ ಒಳಗಿನ ಸಣ್ಣ ಫ್ಯಾನುಗಳು ತಿರುಗುತ್ತಲೇ ಇರುತ್ತವೆ, ಹಣ್ಣಿನ ಬಿಸಿಯನ್ನು ಹಣ್ಣಿಗೇ ಬೀಸುತ್ತವೆ. ಹೊರಗೆ ನಿಂತವನಿಗೆ ಪೆಟ್ಟಿಗೆ ಗುಂಯ್‌ಗುಡುವುದು ಕೇಳುತ್ತದೆ. ಪಕ್ಕದ ಎರಡು ಮೀನಿನ ಪೆಟ್ಟಿಗೆಗಳ ಸದ್ದಂತೂ ಇದ್ದೇ ಇದೆ. ಯಾವುದು ನಿಂತಿತು, ಯಾವುದು ಓಡುತ್ತಿದೆ ಎಂದು ಕಿವಿಯಿಂದ ಹೇಳಬಲ್ಲವರು ಆ ಯಾರ್ಡಿನಲ್ಲಿ ಇಬ್ಬರೇ. ಎಚ್ಚರಿಕೆಯ ಕೆಂಪು ದೀಪ ಉಪ್ಪುಗಾಳಿಗೆ ಸತ್ತು ಬಹಳ ಕಾಲವಾಗಿತ್ತು. ಒಳಗಿನ ಶಾಖವನ್ನು ಗಂಟೆಗಂಟೆಗೆ ನೆನಪಿಟ್ಟುಕೊಳ್ಳುವ ಉಪಕರಣ ಆ ಪೆಟ್ಟಿಗೆ ಹಡಗಿನಿಂದ ಇಳಿದಾಗಲೇ ಕೆಟ್ಟಿತ್ತು. ಯಂತ್ರ ಎಷ್ಟು ಹೊತ್ತಿಗೆ ನಿಂತಿತೆಂದು ಯಂತ್ರವೇ ಹೇಳಲಾರದು.

ಇಲ್ಲಿಯೇ ಅವನ ಉಪಾಯದ ಜೀವವಿತ್ತು. ಪ್ರವೀಣ ಸ್ವಿಚ್ಚನ್ನು ನೀರಿಗೆ ತಿರುಗಿಸುವುದನ್ನು ಒಂದು ಬಸ್ಸು ತುಂಬ ಜನ ನೋಡುತ್ತಾರೆ. ವಾಪಸು ಗಾಳಿಗೆ ತಿರುಗಿಸುವುದನ್ನು ಯಾರು ಗಮನಿಸುತ್ತಾರೆ? ಆಟ ಮುಗಿದ ಮೇಲೆ ಪರದೆ ಇಳಿಸುವವನನ್ನು ಯಾರೂ ನೋಡುವುದಿಲ್ಲ. ಮರುದಿನ ಸ್ವಿಚ್ಚು ನೀರಿನ ಕಡೆಗಿದ್ದರೆ ಉತ್ತರ ಒಂದೇ. ಮೇಡಮ್ಮಿಗೆ ತೋರಿಸುವ ಉಮೇದಿನಲ್ಲಿ ಹುಡುಗ ಮರೆತ.

ರಂಬುಟಾನಿನ ಮುಳ್ಳು ಕೆಂಪಗಿದ್ದರೆ ಹಣ್ಣಿಗೆ ಮರ್ಯಾದೆ. ಬಿಸಿ ತಾಗಿ ಕಪ್ಪಾದರೆ ದನವೂ ಮೂಸುವುದಿಲ್ಲ. ಒಂದು ರಾತ್ರಿ ಸಾಕು. ಬೆಳಗಾಗುವಾಗ ಹಣ್ಣು ನೋಡಿ, ಯಂತ್ರ ಹಗಲಿನಲ್ಲಿ ನಿಂತದ್ದೋ ಸಂಜೆ ನಿಂತದ್ದೋ ಎಂದು ದೇವರೂ ಹೇಳಲಾರ. ನಳಿನಾಕ್ಷಿಯಮ್ಮನ ಮುಖ ಒಮ್ಮೆ ಕಣ್ಣ ಮುಂದೆ ಬಂತು. ಗಂಡ ತೀರಿದ ಮೇಲೆ ಒಬ್ಬಳೇ ತೋಟ ಮಾಡುವ ಹೆಂಗಸು. ಧಣಿ ಅವಳಿಗೆ ಮೋಸ ಮಾಡುವವರಲ್ಲ, ಏನಾದರೂ ಕೊಡುತ್ತಾರೆ ಎಂದು ಯೋಗೀಶ ಮಗ್ಗಲು ಬದಲಿಸಿದ.

ಮಕ್ಕಳು ಬರುವ ದಿನ ಬೆಳಿಗ್ಗೆ ಉಚ್ಚಿಲದಿಂದ ಬೈಕಿನಲ್ಲಿ ಬರುವಾಗ ಮಳೆ ಹಿಡಿಯಿತು. ಹಳೆಯ ರೈನ್‌ಕೋಟು ಹೆಗಲ ಬಳಿ ಹರಿದಿತ್ತು. ಯಾರ್ಡು ಮುಟ್ಟುವಾಗ ನೀಲಿ ಅಂಗಿ ಹಿಂಡಿದರೆ ನೀರು ಬರುವಷ್ಟು ಚಂಡಿ. ಅದನ್ನು ಶೆಡ್ಡಿನ ಮೊಳೆಗೆ ಸಿಕ್ಕಿಸಿ, ಎಣ್ಣೆ ಕಲೆಯ ಹಳೆಯ ಬನಿಯನು ಹಾಕಿಕೊಂಡು ಜನರೇಟರ್ ಕೋಣೆಗೆ ಹೋದ. ಕಿಟಕಿಯಿಂದ ಹಣ್ಣಿನ ಪೆಟ್ಟಿಗೆ ಚೆನ್ನಾಗಿ ಕಾಣುತ್ತಿತ್ತು.

ಮಣಿಪಾಲದ ಬಸ್ಸು ಬಂತು. ಕೊಡೆ ಹಿಡಿದ ಮಕ್ಕಳು ಸುತ್ತ ನಿಂತರು. ಪ್ರವೀಣ ಕನ್ನಡದಲ್ಲಿ ಅರ್ಧ, ಇಂಗ್ಲಿಷಿನಲ್ಲಿ ಅರ್ಧ ಮಾತಾಡಿದ. ಗಾಳಿಕಿಂಡಿ ತೋರಿಸಿದ, ಹಣ್ಣಿನ ಉಸಿರಿನ ಮಾತು ಹೇಳಿದ, ಹುಡುಗಿಯರು "ಅಯ್ಯೋ ಪಾಪ" ಎಂದು ನಕ್ಕರು. ಆಮೇಲೆ ಪೈಪು ಕಟ್ಟಿದ, ನೀರು ಬಿಟ್ಟ, ಸ್ವಿಚ್ಚು ತಿರುಗಿಸಿದ. ಫ್ಯಾನಿನ ರೆಕ್ಕೆಗಳು ನಿಧಾನವಾಗಿ ನಿಂತವು. ಹರಿಪ್ರಿಯಾ ಮೇಡಮ್ ಚಪ್ಪಾಳೆ ತಟ್ಟಿದರು. ಜನರೇಟರ್ ಕೋಣೆಯ ಕತ್ತಲಲ್ಲಿ ನಿಂತ ಯೋಗೀಶನಿಗೆ ಆ ಚಪ್ಪಾಳೆ ಕಪಾಳಕ್ಕೆ ಬಿದ್ದಂತಾಯಿತು. ಈ ಪೆಟ್ಟಿಗೆಗಳನ್ನು ಒಂದು ಆಯುಷ್ಯ ನೋಡಿಕೊಂಡ ತನಗೆ ಯಾರೂ ಒಂದು ದಿನವೂ ಚಪ್ಪಾಳೆ ತಟ್ಟಿರಲಿಲ್ಲ.

ಅಷ್ಟರಲ್ಲಿ ಮಳೆ ಒಮ್ಮೆಲೇ ಸುರಿಯಿತು. ಮಕ್ಕಳು ಕಿರುಚುತ್ತ ಬಸ್ಸಿಗೆ ಓಡಿದರು. ಮೇಡಮ್ ಬಾಗಿಲಿನಿಂದ ಪ್ರವೀಣನನ್ನು ಕೂಗುತ್ತಿದ್ದರು, ಅವನ ಕಿಸೆಯಲ್ಲಿ ಫೋನು ರಿಂಗಾಗುತ್ತಿತ್ತು. ಆ ಗಡಿಬಿಡಿಯಲ್ಲೂ ಪ್ರವೀಣ ನೀರು ನಿಲ್ಲಿಸಿ, ಪೈಪು ಬಿಚ್ಚಿ, ಸ್ವಿಚ್ಚನ್ನು ಗಾಳಿಗೆ ತಿರುಗಿಸಿ, ಫ್ಯಾನು ಹೊರಟದ್ದನ್ನು ನೋಡಿಯೇ ಹೋದ. ಅದನ್ನು ಕಂಡದ್ದು ಯೋಗೀಶನ ಎರಡು ಕಣ್ಣುಗಳು ಮಾತ್ರ. ಕಂಡದ್ದನ್ನು ಅವು ಯಾರಿಗೂ ಹೇಳುವಂಥವಲ್ಲ.

ಬಸ್ಸು ಹೋದ ಹಿಂದೆಯೇ ಪ್ರವೀಣ ಪಿಕಪ್ ಹತ್ತಿ ಕಾರ್ಕಳಕ್ಕೆ ಹೊರಟ. ಇನ್ನಷ್ಟು ಹಣ್ಣು ತುಂಬಿಸಿ, ರಾತ್ರಿ ಅಕ್ಕನ ಮನೆಯಲ್ಲಿ ಉಳಿದು, ಬೆಳಿಗ್ಗೆ ಬರುವವನು. ಧಣಿ ಮಂಗಳೂರಿಗೆ ಹೋಗಿದ್ದರು. ಯಾರ್ಡಿನಲ್ಲಿ ಉಳಿದದ್ದು ಯೋಗೀಶ, ಕಮಲಕ್ಕ, ಮತ್ತು ಸಂಜೆ ಬರುವ ಕಾವಲಿನ ಬೂಬಣ್ಣ. ಬೂಬಣ್ಣನಿಗೆ ಪೆಟ್ಟಿಗೆ ಎಂದರೆ ನೆರಳು ಕೊಡುವ ವಸ್ತು.

ಯೋಗೀಶ ಅವಸರ ಮಾಡಲಿಲ್ಲ. ಊಟ ಮಾಡಿದ. ಜನರೇಟರಿನ ಕೆಳಗೆ ಮಲಗಿಕೊಂಡು ಬೇಕೆಂದೇ ದೊಡ್ಡ ಸದ್ದು ಮಾಡುತ್ತ ಬೋಲ್ಟುಗಳನ್ನು ಬಿಗಿ ಮಾಡಿದ. ಇಡೀ ಮಧ್ಯಾಹ್ನ ತಾನು ಅಲ್ಲೇ ಇದ್ದೆ ಎಂದು ಕಮಲಕ್ಕನ ಕಿವಿಗೆ ಗೊತ್ತಿರಲಿ. ಸಂಜೆಯ ಚಹಾಕ್ಕೆ ಅವಳು ಒಲೆ ಹಚ್ಚಿದ ವಾಸನೆ ಬಂದಾಗ ಎದ್ದು ಕೈ ತೊಳೆದ. ಬನಿಯನಿನಲ್ಲಿ ಹೋದರೆ ದೂರದಿಂದಲೂ ಯೋಗೀಶ ಎಂದು ಗೊತ್ತಾಗುತ್ತದೆ, ನೀಲಿ ಅಂಗಿಯಲ್ಲಾದರೆ ಯಾರ್ಡಿನ ಯಾರೂ ಆಗಬಹುದು. ಶೆಡ್ಡಿಗೆ ಹೋಗಿ ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡ. ಕಾಲರು ಬೆಚ್ಚಗೆ ಕುತ್ತಿಗೆಗೆ ತಾಗಿತು. ಇಡೀ ದಿನದ ಚಳಿಗೆ ಅದು ಹಿತವಾಗಿತ್ತು. ಮೈಗೆ ಧೈರ್ಯ ಬಂದಂತಾಯಿತು.

ಹಣ್ಣಿನ ಪೆಟ್ಟಿಗೆಯ ಹತ್ತಿರ ಹೋಗಿ ಸುತ್ತ ನೋಡಿದ. ಹೆದ್ದಾರಿಯಲ್ಲಿ ಬಸ್ಸುಗಳು ನೀರು ಚಿಮ್ಮಿಸುತ್ತ ಹೋಗುತ್ತಿದ್ದವು. ಕಮಲಕ್ಕನ ಹಗ್ಗ ಬಿಸಿಗಾಳಿಗೆ ಬರಿದೇ ಅಲ್ಲಾಡುತ್ತಿತ್ತು. ಅವನು ಅದನ್ನೂ ಮೊದಲೇ ಯೋಚಿಸಿದ್ದ. ಬಟ್ಟೆ ಒಣಗಲು ಹಾಕಿದ್ದರೆ ಫ್ಯಾನು ನಿಂತ ಹೊತ್ತು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಆದರೆ ಅವಳು ಒಣಗಿಸುವುದು ಪ್ರವೀಣನ ಬಟ್ಟೆ, ಪ್ರವೀಣ ಕಾರ್ಕಳಕ್ಕೆ ಹೋಗಿದ್ದಾನೆ, ಹಗ್ಗ ಖಾಲಿ. ಅಸೂಯೆಯಿಂದ ನೋಡಿ ನೋಡಿ ಕಲಿತ ಲೆಕ್ಕ ಇವತ್ತು ಉಪಯೋಗಕ್ಕೆ ಬಂತಲ್ಲ ಎಂದು ಅವನಿಗೆ ಒಳಗೊಳಗೇ ನಗು ಬಂತು.

ಬಟ್ಟೆಯ ತುಂಡು ಸುತ್ತಿದ ಬೆರಳಿನಿಂದ ಸ್ವಿಚ್ಚು ತಿರುಗಿಸಿದ. ಗಾಳಿಯಿಂದ ನೀರಿಗೆ. ಇಷ್ಟೇ ಕೆಲಸ. ಫ್ಯಾನಿನ ರೆಕ್ಕೆಗಳು ಬೆಳಿಗ್ಗೆ ನಿಂತ ಹಾಗೆಯೇ ನಿಂತವು, ಚಪ್ಪಾಳೆ ಮಾತ್ರ ಇರಲಿಲ್ಲ. ಹಗ್ಗ ಅಲ್ಲಾಡುವುದನ್ನು ನಿಲ್ಲಿಸಿತು.

ತಿರುಗಿ ಹೊರಡುವಾಗ ಅವನ ಕೈ ತಾನಾಗಿಯೇ ಗಾಳಿಕಿಂಡಿಯ ತಟ್ಟೆಗೆ ಹೋಯಿತು. ಮುಚ್ಚಲು ಬೆರಳು ಊರಿದ್ದೂ ಆಯಿತು. ಅಷ್ಟರಲ್ಲಿ ಎಚ್ಚೆತ್ತು ಕೈ ಹಿಂದೆಗೆದ. ಮುಚ್ಚಿದ್ದರೆ ಕತೆ ಮುಗಿಯುತ್ತಿತ್ತು. ಪ್ರವೀಣ ಏನನ್ನು ಮರೆತರೂ ಕಿಂಡಿ ಮುಚ್ಚುವವನಲ್ಲ ಎಂದು ಧಣಿಗೆ ಗೊತ್ತು. ಮುಚ್ಚುವ ಕೈ ಯಾರದ್ದೆಂದೂ ಗೊತ್ತು. ಇಂಥ ಸಣ್ಣ ವಿಷಯದಲ್ಲಿಯೇ ಜನ ಸಿಕ್ಕಿಬೀಳುವುದು ಎಂದುಕೊಂಡು, ತನ್ನ ಜಾಗ್ರತೆಯನ್ನು ತಾನೇ ಮೆಚ್ಚುತ್ತ ಅಡುಗೆ ಕೋಣೆಯ ಕಡೆಗೆ ನಡೆದ.

ಕಮಲಕ್ಕ ಚಹಾ ಕೊಟ್ಟಳು. ಬೇರೆ ಯಾರೂ ಇಲ್ಲದ ಕಾರಣ ಅದು ಮೊದಲ ಲೋಟವೇ ಆಗಿತ್ತು. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನಿಗೆ ಫೋನು ಬಂತು. ಪ್ರವೀಣ.

"ಯೋಗಣ್ಣ, ಒಂದು ಉಪಕಾರ ಮಾಡ್ತೀರಾ? ಪೆಟ್ಟಿಗೆ ಒಮ್ಮೆ ನೋಡಿ ಬರ್ತೀರಾ? ನಳಿನಾಕ್ಷಿಯಮ್ಮನಿಗೆ ಹೆದರಿಕೆ. ಈ ಸಲದ ಅರ್ಧ ಬೆಳೆ ಅದರಲ್ಲೇ ಉಂಟು."

"ನಿನ್ನ ಪೆಟ್ಟಿಗೆ ನಾನು ಮುಟ್ಟುವುದಿಲ್ಲ ಅಂತ ಹೇಳಿದ್ದೇನಲ್ಲ ಮಾರಾಯ."

ಪ್ರವೀಣ ನಕ್ಕ. "ನೀವಿನ್ನೂ ಅದನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದೀರಾ? ನಾನು ತಮಾಷೆಗೆ ಹೇಳಿದ್ದು ಅಲ್ವಾ. ಆಗ್ಲಿ ಬಿಡಿ, ನೀವು ಯಾರ್ಡಲ್ಲಿ ಇದ್ದೀರಲ್ಲ, ಅಷ್ಟು ಸಾಕು. ನನಗೆ ಧೈರ್ಯ."

ಯೋಗೀಶ ಫೋನು ಕಿಸೆಗೆ ಹಾಕಿ ಲೋಟ ಎತ್ತಿಕೊಂಡ. ಈಗಲೂ ಹೋಗಿ ಸ್ವಿಚ್ಚು ತಿರುಗಿಸಬಹುದಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆಗ ಅವನಿಗೆ ಜೀಪಿನ ಮುಂದಿನ ಸೀಟು ನೆನಪಾಯಿತು, ಅಲ್ಲಿ ಕೂತ ಆ ಕುತ್ತಿಗೆ ನೆನಪಾಯಿತು. ಚಹಾ ಮುಗಿಸಿ ಬೈಕು ಹತ್ತಿದ.

ಮರುದಿನ ಅವನು ಬರುವಾಗ ಎಲ್ಲರೂ ಪೆಟ್ಟಿಗೆಯ ಎದುರು ಸೇರಿದ್ದರು. ಬಾಗಿಲು ತೆರೆದಿತ್ತು. ಒಳಗಿನಿಂದ ಹುಳಿ ಹುಳಿಯಾದ, ಜ್ವರದ ಬಾಯಿಯಂಥ ಬಿಸಿ ವಾಸನೆ ಹೊರಬರುತ್ತಿತ್ತು. ನಿನ್ನೆ ಕೆಂಪಗಿದ್ದ ಮುಳ್ಳುಗಳು ಒಣ ಕಾಫಿಯ ಬಣ್ಣಕ್ಕೆ ತಿರುಗಿದ್ದವು. ಹೊಸ ಹಣ್ಣಿನೊಂದಿಗೆ ಪಿಕಪ್ಪಿನಲ್ಲಿ ಬಂದಿದ್ದ ನಳಿನಾಕ್ಷಿಯಮ್ಮ ಸೀಟಿನಿಂದ ಇಳಿಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಯೋಗೀಶ ಆ ಕಡೆ ನೋಡಲಿಲ್ಲ. ಕಮಲಕ್ಕ ಕೊಳೆತ ಹಣ್ಣನ್ನು ಬುಟ್ಟಿಗೆ ಬಾಚುತ್ತಿದ್ದಳು.

"ಸ್ವಿಚ್ಚು ನೀರಲ್ಲೇ ಉಂಟು," ಎಂದರು ಧಣಿ. ಬೈಯುವ ದನಿಯಲ್ಲ, ಅದಕ್ಕಿಂತ ಕೆಟ್ಟದ್ದು, ಬೇಸರದ ದನಿ. "ವಾಪಸು ತಿರುಗಿಸಿದ್ದು ನೆನಪುಂಟಾ ಪ್ರವೀಣ?"

"ತಿರುಗಿಸಿದೆ ಅಂತಲೇ ನೆನಪು ಧಣಿ." ಪ್ರವೀಣನ ಮುಖದಲ್ಲಿ ರಕ್ತವಿರಲಿಲ್ಲ. "ಆದ್ರೆ ಮಳೆ ಬಂತು, ಮೇಡಮ್ ಕರೆದ್ರು, ಫೋನು ಬಂತು... ಇಲ್ಲಿ ನೀರಲ್ಲಿ ಇರುವುದು ಕಾಣ್ತಾ ಉಂಟಲ್ಲ. ನಾನೇ ಮರೆತಿರಬೇಕು. ಇನ್ಯಾರು?"

ಯೋಗೀಶ ಮುಂದೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಹಿಂದೊಮ್ಮೆ ಇಟ್ಟ ಅದೇ ಹೆಗಲು, ಅದೇ ಕೈ. "ಹೋಗ್ಲಿ ಬಿಡಿ ಧಣಿ. ಮಕ್ಕಳ ಎದುರು ನಿಂತಾಗ ಯಾರಿಗೂ ಆಗ್ತದೆ. ಸಣ್ಣ ಪ್ರಾಯ."

"ನೀನು ನಿನ್ನೆ ಇಡೀ ದಿನ ಇಲ್ಲೇ ಇದ್ದೆ ಅಲ್ವಾ ಯೋಗಿ? ನಿನಗೂ ಗೊತ್ತಾಗ್ಲಿಲ್ವಾ?"

"ನಾನು ಈ ಪೆಟ್ಟಿಗೆಯ ಹತ್ತಿರ ಬರುವುದಿಲ್ಲ ಅಂತ ನಿಮಗೇ ಗೊತ್ತುಂಟು. ಜನರೇಟರಿನ ಕೆಳಗೆ ಇದ್ದೆ, ಕಮಲಕ್ಕನನ್ನೇ ಕೇಳಿ."

"ಹೌದು, ಅಲ್ಲೇ ಇದ್ರು. ಡಣಡಣ ಅಂತ ಹೊಡೀತಾ ಇದ್ರು," ಎಂದಳು ಕಮಲಕ್ಕ ತಲೆಯೆತ್ತದೆ.

ಧಣಿ ಉಸಿರು ಬಿಟ್ಟರು. "ಅಂದ್ರೆ 'ಗಾಳಿ ನೀರು' ಅಂತ ಈ ಸ್ವಿಚ್ಚು ಗೊತ್ತಿರುವವರು ಇಲ್ಲಿ ನೀವಿಬ್ಬರೇ. ನೀನು ಬರಲೇ ಇಲ್ಲ. ಹಾಗಾದ್ರೆ ಆ ಮಕ್ಕಳು ಹೋದಾಗಿನಿಂದ ಇದು ನಿಂತೇ ಇತ್ತು."

"ಆಗಿನಿಂದಲೇ ಧಣಿ," ಎಂದ ಯೋಗೀಶ ಮೆಲ್ಲಗೆ. ಒಳಗೆ ಒಂದು ದೊಡ್ಡ ಬಾಗಿಲು ತೆರೆದುಕೊಳ್ಳುತ್ತಿತ್ತು, ಅದರಾಚೆ ಬನ್ನಂಜೆ ಕಾಣುತ್ತಿತ್ತು. "ಬಸ್ಸು ಹೋದ ಮೇಲೆ ಈ ಫ್ಯಾನು ಒಂದು ಸುತ್ತೂ ತಿರುಗಿಲ್ಲ."

"ಅದು ಹೇಗೆ ಆಗ್ತದೆ ಯೋಗಣ್ಣ?" ಕಮಲಕ್ಕ ಬುಟ್ಟಿ ಬಿಟ್ಟು ಸೊಂಟ ನೆಟ್ಟಗೆ ಮಾಡಿದಳು. ಅವಳ ದನಿಯಲ್ಲಿ ಸಂಶಯವಾಗಲಿ ಜಾಣತನವಾಗಲಿ ಇರಲಿಲ್ಲ, ಪ್ರವೀಣನ ತಲೆಯ ಮೇಲಿನ ಹೊರೆ ಇಳಿಸುವ ಅವಸರ ಮಾತ್ರವಿತ್ತು. "ನಿನ್ನೆ ನೀವು ಚಂಡಿಯಾಗಿ ಬಂದು ಅಂಗಿ ಮೊಳೆಗೆ ಹಾಕಿದ್ರಲ್ಲ. ದಿನಾ ಒದ್ದೆ ಅಂಗಿಯಲ್ಲೇ ಮನೆಗೆ ಹೋಗ್ತೀರಿ, ಹೇಳಿದ್ರೆ ಸಿಟ್ಟು ಮಾಡ್ತೀರಿ ಅಂತ ನಾನು ಕೇಳದೆಯೇ ತಂದು, ಬಸ್ಸು ಹೋಗಿ ಊಟ ಆದ ಮೇಲೆ ಇದೇ ಹಗ್ಗಕ್ಕೆ ಹಾಕಿದೆ. ಚಹಾಕ್ಕೆ ಒಲೆ ಹಚ್ಚುವ ಮೊದಲು ತೆಗೆದು ಪುನಃ ಮೊಳೆಗೆ ಇಟ್ಟದ್ದು, ಆಗ ಹಪ್ಪಳದ ಹಾಗೆ ಬಿಸಿ ಇತ್ತು. ಫ್ಯಾನು ಇಲ್ಲದೆ ಈ ಮಳೆಗೆ ಅದು ಒಣಗಿದ್ದು ಎಲ್ಲಿಂದ?" ಪ್ರವೀಣ ನಿಧಾನವಾಗಿ ತಲೆಯೆತ್ತಿದ. ಧಣಿಯ ಕಣ್ಣು ಸ್ವಿಚ್ಚಿನಿಂದ ಹಗ್ಗಕ್ಕೆ, ಹಗ್ಗದಿಂದ ಯೋಗೀಶ ಇವತ್ತೂ ಹಾಕಿಕೊಂಡು ಬಂದಿದ್ದ ಅದೇ ನೀಲಿ ಅಂಗಿಗೆ ಬಂದು ನಿಂತಿತು. ಯೋಗೀಶ ಕೈಯೆತ್ತಿ ಕಾಲರನ್ನು ಮುಟ್ಟಿಕೊಂಡ. ನಿನ್ನೆ ಕುತ್ತಿಗೆಗೆ ತಾಗಿದ ಆ ಬಿಸಿ ಎಲ್ಲಿಂದ ಬಂದದ್ದೆಂದು ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.